ಬರ ಬಂದರೆ ದೇವರು, ಬೆಳೆ ಬಂದರೆ ಗುರು

ಹುಬ್ಬಳ್ಳಿ ರೈಲು ನಿಲ್ದಾಣದ ಹೆಸರನ್ನು ಒಮ್ಮೆ ಪೂರ್ತಿ ಓದಿ. ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ ರೈಲು ನಿಲ್ದಾಣ. ಈ ಹೆಸರು ಬಂದದ್ದು 2020ರಲ್ಲಿ. 2023ರ ಮಾರ್ಚ್ 12ರಂದು ಇದೇ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆ ಆಯ್ತು. ಜಗತ್ತಿನಲ್ಲೇ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್. ಅವತ್ತು ಸುದ್ದಿಯಾದದ್ದು ಆ ಉದ್ದ. ನನಗೆ ಕುತೂಹಲ ಇರೋದು ಆ ಹೆಸರಿನ ಮೇಲೆ.

ಯಾಕೆ ಅಂದ್ರೆ, ರೈಲು ಅಂದರೆ ವ್ಯಾಪಾರ. ಸಿದ್ಧಾರೂಢರು ಅಂದರೆ ಎಲ್ಲವನ್ನೂ ಬಿಟ್ಟು ಬಂದ ಸನ್ಯಾಸಿ. ಇವೆರಡೂ ಒಂದೇ ಫಲಕದಲ್ಲಿ ಹೇಗೆ ಕೂತವು? ಊರಿನವರು ಪ್ರೀತಿಯಿಂದ ಇಟ್ಟ ಹೆಸರು, ಅಷ್ಟೇ ಅಂತ ಬಿಡಬಹುದು. ಆದರೆ ಇತಿಹಾಸದ ಪುಟ ತಿರುಗಿಸಿದರೆ ಇನ್ನೊಂದು ವಿಷಯ ಕಾಣುತ್ತೆ. ಹುಬ್ಬಳ್ಳಿಗೆ ಅರಳೆಯ ದುಡ್ಡು ಬಂದದ್ದು, ರೈಲು ಬಂದದ್ದು, ಗಿರಣಿ ಬಂದದ್ದು, ಸಿದ್ಧಾರೂಢ ಅಜ್ಜನ ಹೆಸರು ದೂರದೂರಿಗೆ ಹರಡಿದ್ದು, ಎಲ್ಲವೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಒಂದೇ ತಲೆಮಾರು ಇವೆಲ್ಲವನ್ನೂ ಕಣ್ಣಾರೆ ಕಂಡಿತು.

ನಮ್ಮಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಜನ ಗುರುಗಳ ಹಿಂದೆ ಹೋಗೋದು ಬಡತನದಿಂದ, ಅಜ್ಞಾನದಿಂದ. ನಾಲ್ಕು ಕಾಸು ಬರಲಿ, ನಾಲ್ಕು ಅಕ್ಷರ ಕಲೀಲಿ, ಇದೆಲ್ಲ ತಾನಾಗಿಯೇ ಕಡಿಮೆ ಆಗುತ್ತೆ ಅಂತ. ಹಾಗಾದ್ರೆ ಒಂದು ಪ್ರಶ್ನೆಗೆ ಉತ್ತರ ಹೇಳಿ. ಕಳೆದ ಮೂವತ್ತು ವರ್ಷಗಳಲ್ಲಿ ಕರ್ನಾಟಕದಲ್ಲಿ ದುಡ್ಡೂ ಹೆಚ್ಚಾಗಿದೆ, ಓದಿದವರೂ ಹೆಚ್ಚಾಗಿದ್ದಾರೆ. ಗುರುಗಳು ಕಡಿಮೆ ಆಗಿದ್ದಾರಾ?

ಇಲ್ಲ. ಹಾಗಿದ್ದ ಮೇಲೆ ನಮ್ಮ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ. ಎಲ್ಲಿ ಅಂತ ಹುಡುಕೋಣ. ಹುಬ್ಬಳ್ಳಿಯಿಂದಲೇ ಶುರು ಮಾಡೋಣ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತುಹೋಯ್ತು. ಆಗ ಬ್ರಿಟಿಷರ ಕಣ್ಣು ಬಿದ್ದದ್ದು ನಮ್ಮ ಎರೆಹೊಲಗಳ ಮೇಲೆ. ಧಾರವಾಡ ಸೀಮೆಯಲ್ಲಿ ಆಗಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು. ಮಾರುಕಟ್ಟೆಯಲ್ಲಿ ಅದಕ್ಕೆ ‘ಧಾರವಾಡ ಅಮೆರಿಕನ್’ ಅಂತಲೇ ಹೆಸರು. ಯುದ್ಧದ ನಾಲ್ಕು ವರ್ಷ ದರ ಆಕಾಶಕ್ಕೆ ಏರಿತು. ಈ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕು ಅನ್ನೋ ಕಾರಣಕ್ಕೆ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಅರಳೆಗೋಸ್ಕರ ಜಿಲ್ಲೆಯ ನಕ್ಷೆಯೇ ಬದಲಾಯ್ತು ಅಂದರೆ ಆ ದುಡ್ಡಿನ ತೂಕ ಎಷ್ಟಿರಬೇಕು, ನೀವೇ ಊಹಿಸಿ.

1865ರಲ್ಲಿ ಯುದ್ಧ ಮುಗಿಯಿತು, ದರ ಬಿತ್ತು. ಸಾಲ ಮಾಡಿ ಹತ್ತಿ ಕೊಂಡವರು ಮುಳುಗಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ 1876-78ರ ಭೀಕರ ಬರ ಬಂತು. ಅದನ್ನೂ ದಾಟಿ ಊರು ಎದ್ದು ನಿಂತಾಗ, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂತು. ಜೊತೆಗೆ ರೈಲ್ವೆ ವರ್ಕ್‌ಶಾಪ್ ಬಂತು, ಅರಳೆ ಜಿನ್ನುಗಳು ಬಂದವು, ನೂಲಿನ ಗಿರಣಿ ಬಂತು. ದಶಕ ಮುಗಿಯುವಷ್ಟರಲ್ಲಿ ಗೋವಾದ ಮುರಗಾಂವ್ ಬಂದರಿಗೂ ಹಳಿ ಸೇರಿತು. ಸುತ್ತಲಿನ ಹಳ್ಳಿಗಳಿಂದ ಕೂಲಿಕಾರರು, ಹಮಾಲರು, ದಲಾಲರು, ಫಿಟ್ಟರುಗಳು ಬಂದು ಹುಬ್ಬಳ್ಳಿಯಲ್ಲಿ ನೆಲೆ ನಿಂತರು. ಗಿರಣಿ ಚಾಳದಂಥ ಓಣಿಗಳು ಹುಟ್ಟಿದ್ದು ಹೀಗೆ.

ಇದೇ ಕಾಲಕ್ಕೆ ಸರಿಯಾಗಿ ಹುಬ್ಬಳ್ಳಿಗೆ ಬಂದು ನೆಲೆಸಿದವರು ಸಿದ್ಧಾರೂಢರು. ಹುಟ್ಟಿದ್ದು 1836ರಲ್ಲಿ, ಬೀದರ್ ಸೀಮೆಯ ಚಳಕಾಪುರದಲ್ಲಿ. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು, ದೇಶ ಸುತ್ತಿ, ನಡುವಯಸ್ಸಿನಲ್ಲಿ ಹುಬ್ಬಳ್ಳಿ ಸೇರಿದರು. ಹೇಳಿದ್ದು ಅದ್ವೈತ. ಕೊಟ್ಟದ್ದು ‘ಓಂ ನಮಃ ಶಿವಾಯ’ ಅನ್ನೋ ಮಂತ್ರ. 1929ರಲ್ಲಿ ದೇಹ ಬಿಡೋ ಹೊತ್ತಿಗೆ ಅವರ ಭಕ್ತರು ಬರೀ ಹುಬ್ಬಳ್ಳಿಯವರಾಗಿರಲಿಲ್ಲ. ಗೋವಾ, ಬೆಳಗಾವಿ, ಮುಂಬೈ ಕಡೆಯವರೂ ಇದ್ದರು. ಅರಳೆ ಹೋದ ದಾರಿಯಲ್ಲೇ ಅಜ್ಜನ ಹೆಸರೂ ಹೋಯ್ತು, ಅದೇ ದಾರಿಯಲ್ಲಿ ಭಕ್ತರು ವಾಪಸ್ ಬಂದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಅದನ್ನು ಗಮನಿಸದೆ ಮುಂದೆ ಹೋದರೆ ಈ ಚರ್ಚೆಯೇ ದಿಕ್ಕು ತಪ್ಪುತ್ತೆ.

ನಮ್ಮ ಹಳ್ಳಿಗಳಲ್ಲಿ ಗುರು ಯಾವಾಗಲೂ ಇದ್ದ. ಪ್ರತಿ ಮನೆತನಕ್ಕೂ ಒಂದು ಮಠ, ಒಬ್ಬ ಅಯ್ಯನವರೋ ಆಚಾರ್ಯರೋ ಇದ್ದೇ ಇದ್ದರು. ಆದರೆ ಆ ಗುರುವನ್ನು ಯಾರೂ ಆರಿಸಿಕೊಂಡಿದ್ದಲ್ಲ. ಕುಲದ ಜೊತೆ, ಊರಿನ ಜೊತೆ ಬಂದವರು ಅವರು. ಮನೆದೇವರನ್ನು ಹೇಗೆ ಯಾರೂ ಆರಿಸೋದಿಲ್ಲವೋ ಹಾಗೆ. ಆ ಗುರುವಿನ ವಿಷಯದಲ್ಲಿ ‘ಜನಪ್ರಿಯ’ ಅನ್ನೋ ಮಾತಿಗೆ ಅರ್ಥವೇ ಇಲ್ಲ. ಜನಪ್ರಿಯತೆ ಅನ್ನೋದು ಹುಟ್ಟೋದು ಜನರಿಗೆ ಆಯ್ಕೆ ಸಿಕ್ಕಾಗ. ಆಯ್ಕೆ ಸಿಗೋದು ಊರು ಬಿಟ್ಟಾಗ. ಊರು ಬಿಡಿಸೋದು ದುಡ್ಡು.

ಗಿರಣಿಗೆ ಬಂದ ಕೂಲಿಗೆ ತನ್ನ ಹಳ್ಳಿಯ ಮಠ ದೂರ ಆಯ್ತು. ಪಕ್ಕದ ಚಾಳಿನವನ ಜಾತಿ ಬೇರೆ, ಊರು ಬೇರೆ. ಇಬ್ಬರೂ ಕೂಡಿ ಕೂರಬಹುದಾದ ಜಾಗ ಬೇಕಿತ್ತು. ಜಾತಿ ಕೇಳದೆ ಪ್ರಸಾದ ಬಡಿಸುವ ಮಠ ಅಂಥ ಜಾಗ ಆಯ್ತು. ಅಷ್ಟೇ ಅಲ್ಲ, 1898ರಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ಪ್ಲೇಗ್ ಬಡಿಯಿತು. ಜನ ಮನೆಗೆ ಬೀಗ ಹಾಕಿ ಊರ ಹೊರಗಿನ ಗುಡಿಸಲು ಸೇರಿದರು. ಹಾಫ್‌ಕಿನ್ ಲಸಿಕೆಯನ್ನು ಇದೇ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಚುಚ್ಚಿದರು. ಕೈಯಲ್ಲಿ ಪಗಾರ ಇದೆ, ಆದರೆ ನಾಳೆ ಇರ್ತೀನೋ ಇಲ್ವೋ ಗೊತ್ತಿಲ್ಲ. ಅಂದಿನ ಹುಬ್ಬಳ್ಳಿ ಹಾಗಿತ್ತು.

ಅದೇ ಕಾಲದ ಶಿಶುನಾಳ ಷರೀಫರನ್ನು ನೆನಪು ಮಾಡಿಕೊಳ್ಳಿ. 1819ರಿಂದ 1889. ಮುಸ್ಲಿಂ ಮನೆಯಲ್ಲಿ ಹುಟ್ಟಿದವರು, ಕಳಸದ ಗೋವಿಂದಭಟ್ಟರನ್ನು ಗುರು ಅಂತ ಆರಿಸಿಕೊಂಡರು. ಆರಿಸಿಕೊಂಡರು ಅನ್ನೋ ಪದವನ್ನು ಅಡಿಗೆರೆ ಎಳೆದು ಓದಿ. ಸುತ್ತಲ ಬದುಕಿನಲ್ಲಿ ಕಂಡದ್ದೆಲ್ಲ ಅವರ ತತ್ವಪದಕ್ಕೆ ಬಂತು. ಗಿರಣಿಯ ಮೇಲೂ ಅವರು ಪದ ಕಟ್ಟಿದರು. ಹೊಸ ಯಂತ್ರ ಬಂತು, ಅದರ ಜೊತೆಗೇ ಆ ಯಂತ್ರದೊಳಗೆ ತತ್ವ ಕಾಣುವ ಕವಿಯೂ ಬಂದ.

ಇದು ಹುಬ್ಬಳ್ಳಿಗೆ ಮಾತ್ರ ಆದದ್ದಾ? ಇನ್ನೂ ಹಿಂದೆ ಹೋಗೋಣ.

ಹದಿನಾರನೇ ಶತಮಾನದ ವಿಜಯನಗರ. ಬೀದಿಯಲ್ಲಿ ರತ್ನ, ಮುತ್ತು ಮಾರುತ್ತಿದ್ದರು ಅಂತ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಬರೆದ ಕಾಲ. ಆ ಕಾಲದಲ್ಲೇ ಶ್ರೀನಿವಾಸ ನಾಯಕ ಅನ್ನೋ ಲೇವಾದೇವಿ ವ್ಯಾಪಾರಿ ಇದ್ದ. ‘ನವಕೋಟಿ ನಾರಾಯಣ’ ಅಂತ ಹೆಸರು ಪಡೆದಿದ್ದ. ಹೆಂಡತಿಯ ಮೂಗುತಿಯ ಪ್ರಸಂಗದಲ್ಲಿ ಕಣ್ಣು ತೆರೆದು, ಇದ್ದದ್ದೆಲ್ಲ ದಾನ ಮಾಡಿ, ವ್ಯಾಸರಾಯರ ಶಿಷ್ಯನಾಗಿ, ತಂಬೂರಿ ಹಿಡಿದು ಹೊರಟ. ಅವರೇ ಪುರಂದರದಾಸರು. ಕಥೆಯ ವಿವರ ಭಕ್ತಿಪರಂಪರೆ ಹೇಳಿದ್ದು. ಆದರೆ ನಾಡು ಬಡವಾಗಿದ್ದಾಗ ಇಂಥ ಕಥೆ ಹುಟ್ಟೋಕೆ ಸಾಧ್ಯವಿಲ್ಲ, ಇದನ್ನು ಗಮನಿಸಿ. ಬಿಡೋಕೆ ಮೊದಲು ಏನಾದರೂ ಇರಬೇಕಲ್ಲ!

ಹನ್ನೆರಡನೇ ಶತಮಾನದ ಕಲ್ಯಾಣಕ್ಕೆ ಬನ್ನಿ. ಐಹೊಳೆಯಲ್ಲಿ ಹುಟ್ಟಿದ ‘ಅಯ್ಯಾವೊಳೆ ಐನೂರ್ವರು’ ಅನ್ನೋ ವರ್ತಕರ ಸಂಘ ದಕ್ಷಿಣ ಭಾರತದ ತುಂಬಾ, ಸಮುದ್ರದಾಚೆಗೂ ವ್ಯಾಪಾರ ನಡೆಸುತ್ತಿದ್ದ ಯುಗ ಅದು. ಬಸವಣ್ಣನವರು ಬಿಜ್ಜಳನ ಭಂಡಾರಿ. ಅಂದರೆ ರಾಜ್ಯದ ಖಜಾನೆ ನೋಡಿಕೊಳ್ಳುತ್ತಿದ್ದವರು. ದುಡ್ಡಿನ ಒಳಹೊರಗು ಚೆನ್ನಾಗಿ ಗೊತ್ತಿದ್ದ ಮನುಷ್ಯ. ಅವರ ಸುತ್ತ ಸೇರಿದವರು ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ, ಹೀಗೆ ದುಡಿಯುವ ಕಸುಬುದಾರರು. ಹುಟ್ಟಿನ ಕಟ್ಟು ಸಡಿಲಿಸಿಕೊಂಡು ತಮ್ಮ ದಾರಿಯನ್ನು ತಾವೇ ಆರಿಸಿಕೊಂಡವರು.

ಇನ್ನೂ ಹಿಂದೆ, ಬುದ್ಧನ ಕಾಲ. ಗಂಗೆಯ ಬಯಲಲ್ಲಿ ನಗರಗಳು ಏಳುತ್ತಿದ್ದ, ಮುದ್ರೆ ಒತ್ತಿದ ನಾಣ್ಯಗಳು ಚಲಾವಣೆಗೆ ಬರುತ್ತಿದ್ದ ಕಾಲ. ಬುದ್ಧನ ಮೊದಮೊದಲ ಶಿಷ್ಯರಲ್ಲಿ ಒಬ್ಬ ಯಶ, ವಾರಾಣಸಿಯ ಶ್ರೀಮಂತ ಶ್ರೇಷ್ಠಿಯ ಮಗ. ಶ್ರಾವಸ್ತಿಯ ವರ್ತಕ ಅನಾಥಪಿಂಡಿಕ ಜೇತವನದ ನೆಲಕ್ಕೆ ನಾಣ್ಯ ಹಾಸಿ ಅದನ್ನು ಕೊಂಡು ಬುದ್ಧನಿಗೆ ಕೊಟ್ಟ ಅಂತ ಬೌದ್ಧ ಗ್ರಂಥಗಳು ಹೇಳುತ್ತವೆ. ಬುದ್ಧ, ಮಹಾವೀರ ಇಬ್ಬರೂ ಅರಮನೆಯಂಥ ಮನೆಗಳಿಂದ ಎದ್ದು ಬಂದವರು.

ಇಂಜಿನಿಯರಿಂಗ್ ಓದಿದವರಿಗೆ ಒಂದು ಚಟ ಇರುತ್ತೆ. ಒಂದೇ ಆಕಾರ ನಾಲ್ಕು ಸಲ ಕಂಡರೆ ಗ್ರಾಫ್ ಹಾಕಬೇಕು ಅನ್ಸುತ್ತೆ. ಆ ಗ್ರಾಫ್ ಹಾಕಿದವರೂ ಇದ್ದಾರೆ. ನಿಕೋಲಾ ಬೋಮಾರ್ ಮತ್ತು ಸಂಗಡಿಗರ ಸಂಶೋಧನೆ 2015ರಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಬಂತು. ಒಬ್ಬ ಮನುಷ್ಯ ದಿನಕ್ಕೆ ಬಳಸುವ ಒಟ್ಟು ಶಕ್ತಿಯನ್ನು ಅವರು ಅಳೆದರು. ಉಣ್ಣೋ ಅನ್ನ ಮಾತ್ರ ಅಲ್ಲ. ಸೌದೆ, ದನಕರು, ಮನೆ, ಸಾಮಾನು, ಎಲ್ಲದರ ಲೆಕ್ಕ. ಅದು ದಿನಕ್ಕೆ ಸುಮಾರು 20,000 ಕಿಲೋಕ್ಯಾಲರಿ ದಾಟಿದ ಪ್ರದೇಶಗಳಲ್ಲೇ, ಅಂದರೆ ಗಂಗೆಯ ಬಯಲು, ಚೀನಾದ ನದಿಗಳ ಬಯಲು ಮತ್ತು ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯಲ್ಲಿ, ಕ್ರಿಸ್ತಪೂರ್ವ 500ರಿಂದ 300ರ ನಡುವೆ, ಸಂಯಮ ಬೋಧಿಸುವ ಗುರುಗಳು ಕಾಣಿಸಿಕೊಂಡರು ಅನ್ನೋದು ಅವರ ವಾದ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಎರಡು ಸಂಗತಿ ಒಟ್ಟಿಗೆ ನಡೆದರೆ ಒಂದು ಇನ್ನೊಂದಕ್ಕೆ ಕಾರಣ ಅಂತ ಆಗಲ್ಲ, ಅದೂ ಸರಿ. ಆದರೆ ‘ಬಡತನ ಇದ್ದರೆ ಗುರು’ ಅನ್ನೋ ನಮ್ಮ ಹಳೇ ಲೆಕ್ಕಕ್ಕಿಂತ ಇದು ಇತಿಹಾಸಕ್ಕೆ ಹತ್ತಿರ ಇದೆ.

ಹಾಗಾದ್ರೆ ಕಷ್ಟ ಬಂದಾಗ ಜನ ಏನು ಮಾಡ್ತಿದ್ದರು? ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳನ್ನೇ ನೋಡಿ. ಮಳೆ ಕೈಕೊಟ್ಟರೆ ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿ ಮಾಡಿ, ತಲೆ ಮೇಲೆ ಹೊತ್ತು, ಮನೆಮನೆ ಮುಂದೆ ನೀರು ಹಾಕಿಸಿಕೊಳ್ತಾರೆ. ಕಪ್ಪೆಗೆ ಮದುವೆ ಮಾಡ್ತಾರೆ. ರೋಗ ಬಂದರೆ ದ್ಯಾಮವ್ವ, ದುರ್ಗವ್ವನ ಕಟ್ಟೆಗೆ ಹೋಗ್ತಾರೆ. ಪ್ಲೇಗ್ ಬಂದಾಗ ಪ್ಲೇಗಮ್ಮನ ಗುಡಿಯನ್ನೇ ಕಟ್ಟಿದ ನಾಡು ನಮ್ಮದು. ದೇವರನ್ನು ಜನ ಕೇಳೋದು ಮಳೆ, ಬೆಳೆ, ಮಗುವಿನ ಜ್ವರ ಇಳಿಯೋದು. ಗುರುವನ್ನು ಕೇಳೋದು ಬೇರೆ. ‘ಎಲ್ಲಾ ಐತ್ರಿ ಅಜ್ಜಾರ, ಆದ್ರ ಸಮಾಧಾನ ಇಲ್ಲ.’ ಈ ಮಾತು ಬರಬೇಕಾದರೆ ಮೊದಲು ‘ಎಲ್ಲಾ ಐತಿ’ ಅನ್ನೋ ಸ್ಥಿತಿ ಬರಬೇಕು. ಬರ ಬಂದರೆ ದೇವರು, ಬೆಳೆ ಬಂದರೆ ಗುರು ಅಂತ ನಾನು ಹೇಳೋದು ಈ ಅರ್ಥದಲ್ಲಿ.

ಈಗ ನಮ್ಮ ಕಾಲ. 1982ರಲ್ಲಿ ಶಿವಮೊಗ್ಗದ ಭದ್ರಾ ತೀರದಲ್ಲಿ ಹತ್ತು ದಿನ ಮೌನ ಕೂತಾಗ ಸುದರ್ಶನ ಕ್ರಿಯೆ ಹೊಳೆಯಿತು ಅಂತ ಶ್ರೀ ಶ್ರೀ ರವಿಶಂಕರ್ ಹೇಳ್ತಾರೆ. ಅದೇ 1982ರಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಮೇಲೆ ತನಗಾದ ಅನುಭವವನ್ನು ಜಗ್ಗಿ ವಾಸುದೇವ್ ಹೇಳ್ತಾರೆ. ಎರಡೂ ಕರ್ನಾಟಕದಲ್ಲಿ, ಎರಡೂ ಒಂದೇ ವರ್ಷ. ಆದರೆ ಈ ಹೆಸರುಗಳು ಮನೆಮಾತಾದದ್ದು ಯಾವಾಗ? 1991ರ ಆರ್ಥಿಕ ಉದಾರೀಕರಣದ ನಂತರ. ಈಶ ಫೌಂಡೇಶನ್ ಶುರುವಾದದ್ದು 1992ರಲ್ಲಿ. ಆಸ್ಥಾ ಚಾನೆಲ್ ಬಂದದ್ದು 2000ದಲ್ಲಿ. ಬೆಂಗಳೂರಿನಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳೂ ಅವೇ. ಬೀಜ ಬಿದ್ದದ್ದು 1982ರಲ್ಲಿ, ಹದವಾದ ಮಳೆ ಬಿದ್ದದ್ದು ಹತ್ತು ವರ್ಷ ಬಿಟ್ಟು.

ಇದು ಭಾರತದ ರೋಗ ಅಂತ ಯಾರೂ ನಗಬೇಕಾಗಿಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕ ಹಿಂದೆಂದೂ ಕಾಣದಷ್ಟು ಸಿರಿವಂತ ಆಯ್ತು. ಆ ಸಿರಿಯಲ್ಲಿ ಬೆಳೆದ ಮಕ್ಕಳೇ 1960ರ ದಶಕದಲ್ಲಿ ಭಾರತದ ಗುರುಗಳನ್ನು ಹುಡುಕಿದರು. ಪ್ರಭುಪಾದರು ನ್ಯೂಯಾರ್ಕ್‌ನಲ್ಲಿ ಇಸ್ಕಾನ್ ಸ್ಥಾಪಿಸಿದ್ದು 1966ರಲ್ಲಿ. ಅತ್ತ ಇಂಗ್ಲೆಂಡಿನ ಬೀಟಲ್ಸ್ ತಂಡದವರು ಹೃಷಿಕೇಶದಲ್ಲಿ ಮಹರ್ಷಿ ಮಹೇಶ ಯೋಗಿಗಳ ಆಶ್ರಮಕ್ಕೆ ಬಂದದ್ದು 1968ರಲ್ಲಿ. ಕೀರ್ತಿ, ಹಣ ಎರಡೂ ತುದಿ ಮುಟ್ಟಿದ ಹುಡುಗರು ಅವರು.

‘ಹಾಗಾದ್ರೆ ಸ್ವೀಡನ್, ಡೆನ್ಮಾರ್ಕ್ ಶ್ರೀಮಂತ ದೇಶಗಳಲ್ವಾ? ಅಲ್ಲಿ ಜನ ಧರ್ಮದಿಂದಲೇ ದೂರ ಸರೀತಿದ್ದಾರಲ್ಲ?’ ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ ಅನ್ನೋ ಇಬ್ಬರು ವಿದ್ವಾಂಸರು 2004ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಧರ್ಮದ ಹಿಡಿತ ಸಡಿಲ ಮಾಡೋದು ಬರೀ ದುಡ್ಡಲ್ಲ, ಭದ್ರತೆ. ಕಾಯಿಲೆ ಬಿದ್ದರೆ ಸರ್ಕಾರ ನೋಡಿಕೊಳ್ಳುತ್ತೆ, ಕೆಲಸ ಹೋದರೆ ಮನೆ ಮುಳುಗಲ್ಲ, ವಯಸ್ಸಾದರೆ ಪೆನ್ಷನ್ ಬರುತ್ತೆ ಅನ್ನೋ ನೆಮ್ಮದಿ ಇರುವ ಕಡೆ ಅದು ಸಡಿಲ ಆಗುತ್ತೆ.

ನಮ್ಮಲ್ಲಿ ಆದದ್ದು ಏನು? ದುಡ್ಡು ಬಂತು, ಭದ್ರತೆ ಬರಲಿಲ್ಲ. ವಿದ್ಯಾನಗರದಲ್ಲೋ ಗೋಕುಲ ರಸ್ತೆಯಲ್ಲೋ ಒಂದು ಮನೆ ಊಹಿಸಿಕೊಳ್ಳಿ. ಎರಡಂತಸ್ತು, ಮುಂದೆ ಕಾರು. ಮಗ ಬೆಂಗಳೂರಲ್ಲಿ, ಮಗಳು ಅಮೆರಿಕದಲ್ಲಿ. ಮನೆಯಲ್ಲಿ ಇಬ್ಬರೇ ವಯಸ್ಸಾದವರು. ಒಂದು ಆಪರೇಷನ್ ಆದರೆ ಹತ್ತು ವರ್ಷದ ಉಳಿತಾಯ ಖಾಲಿ. ಮಗನಿಗೆ ಸಂಬಳ ಲಕ್ಷದಲ್ಲಿದೆ, ಸೋಮವಾರ ಬೆಳಿಗ್ಗೆ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲ. ಮೊದಲು ಇಂಥ ಚಿಂತೆಯನ್ನು ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಮುಂದೆ ಹೇಳಿಕೊಳ್ತಿದ್ದರು. ಈಗ ಕಟ್ಟೆಯೂ ಇಲ್ಲ, ಕೇಳೋರೂ ಇಲ್ಲ. ಸಂಜೆ ಸತ್ಸಂಗದಲ್ಲಿ ಒಂದು ಗಂಟೆ ಯಾರೋ ಹೆಸರು ಹಿಡಿದು ಮಾತಾಡಿಸ್ತಾರೆ, ಪಕ್ಕದಲ್ಲಿ ಕೂರಿಸಿಕೊಳ್ತಾರೆ. ಅವರು ಅಲ್ಲಿಗೆ ಹೋಗೋದನ್ನು ಮೌಢ್ಯ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಬಡವರೂ ಗುರುಗಳ ಹತ್ತಿರ ಹೋಗ್ತಾರಲ್ಲ ಅನ್ನೋದು ಇನ್ನೊಂದು ಆಕ್ಷೇಪ. ಹೋಗ್ತಾರೆ, ಖಂಡಿತ. ಶಿವರಾತ್ರಿಯಲ್ಲಿ ಸಿದ್ಧಾರೂಢರ ತೇರು ಎಳೆಯೋ ಲಕ್ಷಾಂತರ ಜನರಲ್ಲಿ ಎತ್ತಿನ ಗಾಡಿಯವರೂ ಇದ್ದಾರೆ, ಕಾರಿನವರೂ ಇದ್ದಾರೆ. ಆದರೆ ಗುರುವಿನ ಹೆಸರು ಊರಿಂದ ಊರಿಗೆ ಹೋಗೋದು ಓಡಾಡುವವರ ಜೊತೆ. ಸಭಾಭವನ ಏಳೋದು ಉಳಿತಾಯ ಇರುವವರ ದೇಣಿಗೆಯಿಂದ. ಶಾಮಿಯಾನದಲ್ಲಿ ಎಲ್ಲರೂ ಕೂರ್ತಾರೆ. ಶಾಮಿಯಾನ ಹಾಕಿಸೋದು ಕೆಲವರು ಮಾತ್ರ.

ಇಲ್ಲಿಗೆ ಬಂದಾಗ ನಿಜವಾದ ಪ್ರಶ್ನೆ ಎದುರಾಗುತ್ತೆ. ಸಿರಿ ಬಂದಾಗ ಗುರು ಬರ್ತಾನೆ, ಒಪ್ಪಿದೆವು. ಬಂದ ಗುರು ಆ ಸಿರಿಯನ್ನು ಏನು ಮಾಡ್ತಾನೆ?

ಒಂದು ಬಗೆಯ ಗುರು ಹೇಳ್ತಾನೆ: ನಿನ್ನ ಹತ್ತಿರ ಇರೋದೆಲ್ಲ ನಿನ್ನ ಪುಣ್ಯದ ಫಲ, ಚಿಂತೆ ಬಿಡು, ಉಸಿರು ಎಳಕೋ, ನಿದ್ದೆ ಮಾಡು. ಇನ್ನೊಂದು ಬಗೆಯ ಗುರು ಕೇಳ್ತಾನೆ: ಇದರಲ್ಲಿ ನಿನಗೆ ಎಷ್ಟು ಸಾಕು? ಮಿಕ್ಕದ್ದು ಯಾರದು? ಎರಡೂ ಹುಟ್ಟೋದು ಅದೇ ಸಿರಿಯಲ್ಲಿ. ನೆಲ ಒಂದೇ, ಫಸಲು ಬೇರೆ.

ಎರಡನೇ ಪ್ರಶ್ನೆಗೆ ಕಲ್ಯಾಣದ ಶರಣರು ಕೊಟ್ಟ ಉತ್ತರದ ಹೆಸರು ದಾಸೋಹ. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನ ಕಥೆ ನಿಮಗೆ ಗೊತ್ತಿರುತ್ತೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷ ಪಡಲಿಲ್ಲ. ನಮಗೆ ಬೇಕಾದಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು. ಖಜಾನೆಯ ಅಧಿಕಾರಿಯ ಅಂಗಳದಲ್ಲಿ, ಅಕ್ಕಿ ಆಯುವ ಹೆಣ್ಣುಮಗಳು ‘ಸಾಕು’ ಅನ್ನೋ ಪದ ಕಲಿಸಿದಳು.

ಆ ಪದ ಪುರಾಣವಾಗಿ ಉಳಿಯಲಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಅದು ಕಟ್ಟಡ ಆಯ್ತು, ಅಡುಗೆಮನೆ ಆಯ್ತು. ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಶಿವಯೋಗ ಮಂದಿರ ಸ್ಥಾಪಿಸಿದರು. ಅವರ ಆಸರೆಯಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು, ನಂತರ ಪುಟ್ಟರಾಜ ಗವಾಯಿಗಳು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದ ನಿಲಯ ನಡೆಸಿದರು. ಹಳ್ಳಿಯ ರೈತರ ಮಕ್ಕಳು ಅಲ್ಲಿ ಉಂಡು, ಕಾಲೇಜಿನಲ್ಲಿ ಓದಿ, ಮಾಸ್ತರರು, ವಕೀಲರು, ಡಾಕ್ಟರುಗಳಾದರು. ಆ ಜೋಳ, ಅಕ್ಕಿ ಬರುತ್ತಿದ್ದದ್ದು ಭಕ್ತರ ಹೊಲಗಳಿಂದ, ಅಂಗಡಿಗಳಿಂದ. ಹತ್ತಿಯ ದುಡ್ಡು, ಗುರುವಿನ ಮಾತು, ಬಡ ಹುಡುಗನ ತಟ್ಟೆ, ಮೂರನ್ನೂ ಒಂದು ದಾರ ಪೋಣಿಸಿತ್ತು.

ಅದೇ ಗಾಳಿ ಮಠದ ಹೊರಗೂ ಬೀಸಿತು. ಶಿರಸಂಗಿ ಲಿಂಗರಾಜರು ತೀರಿಕೊಂಡದ್ದು 1906ರಲ್ಲಿ. ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ಮಕ್ಕಳ ವಿದ್ಯೆಗೆ ಬರೆದಿಟ್ಟು ಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆಎಲ್‌ಇ ಸಂಸ್ಥೆ ಕಟ್ಟಿದರು. 1947ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜಿಗೆ ದಾನಿ ಭೂಮರಡ್ಡಿಯವರ ಹೆಸರು ಬಂತು. ಇವತ್ತು ಉತ್ತರ ಕರ್ನಾಟಕದ ಎಷ್ಟೋ ಇಂಜಿನಿಯರುಗಳು ಬೆಂಗಳೂರಿನಲ್ಲಿ ಧ್ಯಾನ ಶಿಬಿರದ ಫೀಸು ಕಟ್ಟುವಷ್ಟು ಸಂಪಾದಿಸ್ತಾರೆ. ಅವರ ಅಜ್ಜನೋ ಅಪ್ಪನೋ ಓದಿದ್ದು ಯಾವುದೋ ಪ್ರಸಾದ ನಿಲಯದಲ್ಲಿ ಉಂಡು. ಇದನ್ನು ಮರೆತರೆ ನಮ್ಮ ಸಿರಿಯ ಇತಿಹಾಸವನ್ನೇ ಮರೆತ ಹಾಗೆ.

ದುಡ್ಡು ಬಂದ ಕಡೆ ಜಗಳವೂ ಬರುತ್ತೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಅದಕ್ಕೂ ಹುಬ್ಬಳ್ಳಿಯಲ್ಲಿ ಒಂದು ಪಾಠ ಇದೆ. ಸಿದ್ಧಾರೂಢ ಮಠದ ಆಡಳಿತ ಇವತ್ತು ಒಬ್ಬ ವ್ಯಕ್ತಿಯ ಕೈಯಲ್ಲಿಲ್ಲ. ಟ್ರಸ್ಟ್ ಕಮಿಟಿ ಇದೆ, ಅದರ ಮೇಲೆ ಜಿಲ್ಲಾ ನ್ಯಾಯಾಧೀಶರ ಮೇಲ್ವಿಚಾರಣೆ ಇದೆ. ಭಕ್ತಿ ಅಜ್ಜನಿಗೆ, ಲೆಕ್ಕ ಕಾನೂನಿಗೆ. ಇದರಿಂದ ಅಜ್ಜನ ಮೇಲಿನ ಭಕ್ತಿ ಒಂದು ಗುಂಜಿಯೂ ಕಡಿಮೆ ಆಗಿಲ್ಲ. ಲೆಕ್ಕ ಕೇಳಿದರೆ ಗುರುನಿಂದನೆ ಅನ್ನುವವರು ಒಮ್ಮೆ ಹುಬ್ಬಳ್ಳಿಗೆ ಬಂದು ನೋಡಲಿ.

ಈಗ ಕೊನೆಯ ಸಾಕ್ಷಿ. 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ದೇಹ ಬಿಟ್ಟರು. ದರ್ಶನಕ್ಕೆ ಲಕ್ಷಾಂತರ ಜನ ಸಾಲುಗಟ್ಟಿದರು. ಅವರು ಯಾವ ಪವಾಡವನ್ನೂ ಮಾಡಿ ತೋರಿಸಿದವರಲ್ಲ. ತಣ್ಣಗೆ, ಸಣ್ಣ ದನಿಯಲ್ಲಿ ಮಾತಾಡ್ತಿದ್ದರು. ಅವರು ತೊಡುತ್ತಿದ್ದ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡ ಅಂದರು. ನನಗೆ ಗದ್ದುಗೆ ಬೇಡ, ಸ್ಮಾರಕ ಬೇಡ, ದೇಹವನ್ನು ಅಗ್ನಿಗೆ ಕೊಡಿ ಅಂತ 2014ರಲ್ಲೇ ಬರೆದಿಟ್ಟಿದ್ದರು. ಹಾಗೇ ಆಯ್ತು.

ಯೋಚನೆ ಮಾಡಿ. ಕೃಷ್ಣಾ ಕಾಲುವೆಯ ನೀರು ಬಂದು, ದ್ರಾಕ್ಷಿ, ಕಬ್ಬು, ದಾಳಿಂಬೆ ಬೆಳೆದು, ಹಿಂದಿನ ಬರಗಾಲದ ಜಿಲ್ಲೆಯಲ್ಲಿ ದುಡ್ಡು ಓಡಾಡತೊಡಗಿದ ಕಾಲದಲ್ಲೇ ಜನ ಜೇಬಿಲ್ಲದ ಅಂಗಿಯ ಮನುಷ್ಯನ ಮುಂದೆ ಬೆಳಗಿನ ಚಳಿಯಲ್ಲಿ ಕೂತು ಪ್ರವಚನ ಕೇಳಿದರು. ಅವರು ಯಾರಿಗೂ ಶ್ರೀಮಂತರಾಗುವ ದಾರಿ ಹೇಳಿಕೊಡಲಿಲ್ಲ. ಇದ್ದದ್ದರಲ್ಲಿ ಚೆಂದ ಬದುಕೋದು ಹೇಗೆ ಅಂತ ಹೇಳಿದರು. ಜೇಬು ತುಂಬಿದ ಕಾಲಕ್ಕೆ ಜೇಬಿಲ್ಲದವನೇ ದೊಡ್ಡವನಾಗಿ ಕಂಡದ್ದು ಆಕಸ್ಮಿಕ ಅಂತ ನನಗೆ ಅನ್ನಿಸೋದಿಲ್ಲ. ತುಂಬಿದ ಜೇಬಿನಿಂದ ಏನು ಸಿಗಲ್ಲ ಅನ್ನೋದು ಜೇಬು ತುಂಬಿದ ಮೇಲೇ ಗೊತ್ತಾಗೋದು.

ಹಾಗಾಗಿ ಗುರುಗಳು ಹೆಚ್ಚಾದರು ಅಂತ ಗಾಬರಿ ಬೀಳೋದೂ ಬೇಡ, ಧರ್ಮ ಉಳಿಯಿತು ಅಂತ ಬೀಗೋದೂ ಬೇಡ. ಸಿರಿ ಬಂದ ಸಮಾಜದಲ್ಲಿ ಇದು ಆಗುವಂಥದ್ದೇ. ನೋಡಬೇಕಾದದ್ದು, ನಾವು ಆರಿಸಿಕೊಂಡ ಗುರು ನಮ್ಮನ್ನು ಏನು ಕೇಳ್ತಿದ್ದಾರೆ ಅನ್ನೋದು. ಏನೂ ಕೇಳದೆ ಬರೀ ಸಮಾಧಾನ ಹೇಳಿದರೆ ಅದು ನೋವಿನ ಮಾತ್ರೆ. ಬೇಕಾಗುತ್ತೆ ಕೆಲವು ಸಲ, ತಪ್ಪಿಲ್ಲ. ಆದರೆ ಮಾತ್ರೆಯಿಂದ ಊರು ಕಟ್ಟೋಕೆ ಆಗಲ್ಲ.

ಧಾರವಾಡದ ಸಪ್ತಾಪುರಕ್ಕೆ ಒಂದು ಸಂಜೆ ಹೋಗಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋಕೆ ಬಂದ ಹುಡುಗ ಹುಡುಗಿಯರು ಓಣಿ ತುಂಬಾ ಸಿಗ್ತಾರೆ. ಕೊಪ್ಪಳದವರು, ಯಾದಗಿರಿಯವರು, ರಾಯಚೂರಿನವರು. ಕೋಚಿಂಗ್ ಫೀಸು, ರೂಮಿನ ಬಾಡಿಗೆ, ಲೈಬ್ರರಿಯ ಬಾಡಿಗೆ ಎಲ್ಲಾ ಕಟ್ಟಿದ ಮೇಲೆ ಊಟದ ದುಡ್ಡಲ್ಲಿ ಕಡಿತ ಮಾಡಿಕೊಂಡು ಒಂದೇ ಹೊತ್ತು ಉಂಡು ಓದುವವರು ಅವರಲ್ಲಿ ಇದ್ದಾರೆ. ನೂರು ವರ್ಷದ ಹಿಂದೆ, ಇವತ್ತಿಗಿಂತ ಎಷ್ಟೋ ಪಟ್ಟು ಬಡವಾಗಿದ್ದ ಇದೇ ಧಾರವಾಡ ಇಂಥ ಮಕ್ಕಳಿಗೆ ಎರಡು ಹೊತ್ತು ಅನ್ನ ಹಾಕ್ತಿತ್ತು. ಇವತ್ತು ನಮ್ಮ ಹತ್ತಿರ ದುಡ್ಡಿದೆ. ಗುರುಗಳೂ ಇದ್ದಾರೆ. ಮುಂದಿನ ಸಲ ನಿಮ್ಮ ಗುರುಗಳ ಮುಂದೆ ಕೂತಾಗ ಈ ಮಕ್ಕಳ ಊಟದ ಮಾತು ತೆಗೀರಿ. ಅವರು ಏನು ಹೇಳ್ತಾರೆ, ಕಿವಿಗೊಟ್ಟು ಕೇಳಿ.